ಹದಿನಾರನೇ ಅಂಕಿ ಎಲ್ಲಿ ಹೋಯ್ತು?

ಕೇಬಲ್ ಆಫೀಸಿನಲ್ಲಿ ಎಲ್ಲಕ್ಕಿಂತ ಅಪಾಯದ ವಸ್ತು ಕಂಬಕ್ಕೆ ಒರಗಿಸುವ ಏಣಿ ಅಂದುಕೊಂಡವರುಂಟು. ಅಲ್ಲ, ಸಿಎಸ್‌ವಿ ಫೈಲಿನ, ಅಂದರೆ ಕಾಲಂಗಳ ನಡುವೆ ಅಲ್ಪವಿರಾಮ ಹಾಕಿ ಬರೆದ ಸಾದಾ ಪಟ್ಟಿಯ ಮೇಲೆ ಬೀಳುವ ಡಬಲ್ ಕ್ಲಿಕ್.

ಅನಲಾಗ್ ಕಾಲದಲ್ಲಿ ದುಡ್ಡು ಕೊಡದವರ ಕನೆಕ್ಷನ್ ಕಟ್ ಮಾಡಲು ಹುಡುಗ ಕಂಬ ಹತ್ತಿ ವೈರ್ ಎಳೆಯುತ್ತಿದ್ದ. ತಪ್ಪು ವೈರ್ ಎಳೆದರೂ ಬೈಗುಳ ಒಂದೇ ಮನೆಯದು. ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್ 31ರ ಗಡುವು ಹಾಕಿ ಸೆಟ್‌ಟಾಪ್ ಬಾಕ್ಸ್ ಕಡ್ಡಾಯ ಮಾಡಿದ್ದೇ ಏಣಿಯ ಕೆಲಸ ಕಂಪ್ಯೂಟರಿಗೆ ಬಂತು. 2019ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ಹೊಸ ದರಪದ್ಧತಿ ಜಾರಿಯಾಯಿತು: ಆಗ ಮೂಲ ಶುಲ್ಕ 130, ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ, ಅದರ ಮೇಲೆ ಮನೆಗೊಂದು ಪ್ಯಾಕ್. ಇಷ್ಟನ್ನೂ ಸಿಗ್ನಲ್ ಕೊಡುವ ದೊಡ್ಡ ಕಂಪನಿಯ, ಅಂದರೆ ಎಂಎಸ್‌ಒದ, ಪೋರ್ಟಲ್‌ನಲ್ಲಿ ಒಂದೊಂದಾಗಿ ಒತ್ತುತ್ತ ಕೂತರೆ ರಿನ್ಯೂವಲ್ ಮುಗಿಯುವಷ್ಟರಲ್ಲಿ ತಿಂಗಳೇ ಮುಗಿದಿರುತ್ತದೆ. ಅದಕ್ಕೇ ಎಲ್ಲರದನ್ನೂ ಒಂದೇ ಫೈಲಿನಲ್ಲಿ ಹಾಕುವ ಬಲ್ಕ್ ಅಪ್‌ಲೋಡ್. ಅದರ ಕಾಲಂಗಳು: ವಿಸಿ (ಬಾಕ್ಸಿನ ವ್ಯೂಯಿಂಗ್ ಕಾರ್ಡ್) ನಂಬರ್, ಬಾಕ್ಸ್ ನಂಬರ್, ಪ್ಯಾಕ್ ಕೋಡ್, ಆಕ್ಟಿವೇಟೋ ಡಿಆಕ್ಟಿವೇಟೋ, ಮುಗಿಯುವ ದಿನಾಂಕ. ಎಂಎಸ್‌ಒ ಬದಲಾದರೆ ಕಾಲಂಗಳ ಕ್ರಮ ಬದಲಾದೀತು, ಪಡುವ ಪಾಡು ಅದೇ.

ಪೋರ್ಟಲ್‌ನಿಂದ ಇಳಿಸಿದ ಫೈಲನ್ನು ಡಬಲ್ ಕ್ಲಿಕ್ ಮಾಡಿದರೆ ಎಕ್ಸೆಲ್‌ನಲ್ಲಿ ತೆರೆದುಕೊಳ್ಳುತ್ತದೆ. ಎಕ್ಸೆಲ್ ಬಲು ಉಪಕಾರಿ, ಕೇಳದಿದ್ದರೂ ಸಹಾಯ ಮಾಡುತ್ತದೆ. 4001280012345671 ಎಂಬ ವಿಸಿ ನಂಬರನ್ನು ಕಂಡರೆ ‘ಓಹೋ, ದೊಡ್ಡ ಸಂಖ್ಯೆ’ ಎಂದು 4.00128ಇ+15 ಎಂದು ತೋರಿಸುತ್ತದೆ. ಹಾಗೇ ಸೇವ್ ಮಾಡಿದರೆ ಫೈಲಿನೊಳಗೂ ಅದೇ ಕೂರುತ್ತದೆ, ಪೋರ್ಟಲ್ ‘ಅಮಾನ್ಯ’ ಎಂದು ವಾಪಸ್ ಎಸೆಯುತ್ತದೆ. ಇಲ್ಲಿಯವರೆಗೆ ಪರವಾಗಿಲ್ಲ.

ಅನಾಹುತ ಶುರುವಾಗುವುದು ಆಫೀಸಿನಲ್ಲಿ ಕಂಪ್ಯೂಟರ್ ಬಲ್ಲವರೊಬ್ಬರು ‘ಅಯ್ಯೋ, ಇಷ್ಟೇನಾ’ ಎಂದು ಕಾಲಮ್ಮನ್ನು ನಂಬರ್ ಫಾರ್ಮ್ಯಾಟ್‌ಗೆ ಬದಲಿಸಿದಾಗ. ಅಂಕಿಗಳು ಮತ್ತೆ ಪೂರ್ತಿ ಕಾಣುತ್ತವೆ, ಎಲ್ಲರಿಗೂ ಸಮಾಧಾನ. ಆದರೆ ಎಕ್ಸೆಲ್ ನೆನಪಿಡುವುದು 15 ಅಂಕಿ ಮಾತ್ರ. ಹದಿನಾರನೆಯದು ಸೊನ್ನೆ. ಈಗ ಲೆಕ್ಕ ಹಾಕಿ: ಒಂದೇ ಪೆಟ್ಟಿಗೆಯಲ್ಲಿ ಬಂದ ಬಾಕ್ಸುಗಳ ವಿಸಿ ನಂಬರುಗಳು ಸಾಲಾಗಿರುತ್ತವೆ, ಕೊಟ್ಟಿದ್ದೂ ಒಂದೇ ಬೀದಿಗೆ. 5670ರಿಂದ 5679ರವರೆಗಿನ ಹತ್ತೂ ಬಾಕ್ಸು ಫೈಲಿನಲ್ಲಿ 5670 ಆಗುತ್ತವೆ. ಪೋರ್ಟಲ್ ‘ಡೂಪ್ಲಿಕೇಟ್’ ಎಂದು ಕೂಗಿದರೆ ಪುಣ್ಯ. ಕೂಗದಿದ್ದರೆ ಒಂಬತ್ತು ಮನೆಯಲ್ಲಿ ಪರದೆ ಕಪ್ಪು, ಹತ್ತನೆಯವರ ಮನೆಯಲ್ಲಿ ಹತ್ತು ಮನೆಯ ಪ್ಯಾಕು. ಆ ಹತ್ತನೆಯವರು ಮಾತ್ರ ಕಂಪ್ಲೇಂಟ್ ಕೊಡುವುದಿಲ್ಲ.

ಹೋದ ಅಂಕಿ ಫಾರ್ಮ್ಯಾಟ್ ಬದಲಿಸಿದರೆ ವಾಪಸ್ ಬರುವುದಿಲ್ಲ, ಪೋರ್ಟಲ್‌ನಿಂದ ಫೈಲನ್ನು ಹೊಸದಾಗಿ ಇಳಿಸಿಕೊಳ್ಳಲೇಬೇಕು. ಸರಿಯಾದ ದಾರಿ ಹೀಗೆ: ಮೊದಲು ಖಾಲಿ ಎಕ್ಸೆಲ್ ಶೀಟ್ ತೆರೆಯಿರಿ. ಡೇಟಾ ಮೆನುವಿನಲ್ಲಿ ಟೆಕ್ಸ್ಟ್ ಅಥವಾ ಸಿಎಸ್‌ವಿಯಿಂದ ತರುವ ಆಯ್ಕೆ ಒತ್ತಿ, ‘ಟ್ರಾನ್ಸ್‌ಫಾರ್ಮ್ ಡೇಟಾ’ಗೆ ಹೋಗಿ, ವಿಸಿ, ಬಾಕ್ಸ್, ಪ್ಯಾಕ್ ಕೋಡ್, ದಿನಾಂಕ, ನಾಲ್ಕೂ ಕಾಲಮ್ಮನ್ನು ‘ಟೆಕ್ಸ್ಟ್’ ಮಾಡಿ, ಆಮೇಲೆ ಲೋಡ್ ಮಾಡಿ. ಲಿಬ್ರೆ ಆಫೀಸ್ ತೆರೆಯುವಾಗಲೇ ಇದನ್ನೆಲ್ಲ ಕೇಳುತ್ತದೆ, ಸಂಭಾವಿತ. ಸೇವ್ ಆದ ಮೇಲೆ ಸರಿಯಿದೆಯೇ ಎಂದು ನೋಡಬೇಕಾದ್ದು ನೋಟ್‌ಪ್ಯಾಡ್‌ನಲ್ಲಿ. ‘ಒಂದ್ಸಲ ನೋಡಿಬಿಡೋಣ’ ಎಂದು ಮತ್ತೆ ಎಕ್ಸೆಲ್‌ನಲ್ಲಿ ತೆರೆದು, ಅದು ಕೇಳಿದ್ದಕ್ಕೆ ಸೇವ್ ಒತ್ತಿದರೆ ಮಾಡಿದ್ದೆಲ್ಲ ನೀರುಪಾಲು.

ನಂಬರಿನ ಶುರುವಿನಲ್ಲಿರುವ ಸೊನ್ನೆಗಳೂ ಹೀಗೇ ಮಾಯ. ಅಂಕಿಗಳ ನಡುವೆ ಇಂಗ್ಲಿಷಿನ ‘ಇ’ ಅಕ್ಷರವಿರುವ ಬಾಕ್ಸ್ ನಂಬರ್ ಇನ್ನೂ ರಸವತ್ತು: 00125ಇ78 ಎಂದಿದ್ದರೆ ಎಕ್ಸೆಲ್ ಅದನ್ನು 125ರ ಮುಂದೆ 78 ಸೊನ್ನೆ ಎಂದು ಓದುತ್ತದೆ. ಅಷ್ಟು ಬಾಕ್ಸು ಭೂಮಿಯ ಮೇಲೆ ಯಾವ ಆಪರೇಟರಿಗೂ ಇಲ್ಲ.

ದಿನಾಂಕದ ಚೇಷ್ಟೆ ಬೇರೆ. ತಿಂಗಳು ಮೊದಲು, ದಿನ ಆಮೇಲೆ ಎಂಬ ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ ಅಕ್ಟೋಬರ್ 12 ಎಂದು 12/10 ಬರೆದದ್ದು ಡಿಸೆಂಬರ್ 10 ಆಗುತ್ತದೆ, ಗಿರಾಕಿಗೆ ಎರಡು ತಿಂಗಳು ಪುಕ್ಕಟೆ. 13ನೇ ತಾರೀಖಿನಿಂದ ಮಾತ್ರ ಅದು ದಿನಾಂಕವೆಂದು ಓದಲಾಗದೆ ಎರರ್ ಬರಬಹುದು, ಹದಿಮೂರನೇ ತಿಂಗಳು ಇಲ್ಲವಲ್ಲ. ‘ನಿನ್ನೆವರೆಗೂ ಇದೇ ಫೈಲ್ ಹೋಗ್ತಿತ್ತು ಸಾರ್’ ಎಂದು ಹುಡುಗ ಹೇಳುವುದು ನಿಜ. ನಿನ್ನೆವರೆಗೂ ತಪ್ಪಾಗಿ ಹೋಗುತ್ತಿತ್ತು, ಅಷ್ಟೆ. ಪೋರ್ಟಲ್ ಒಪ್ಪಿದರೆ ವರ್ಷ-ತಿಂಗಳು-ದಿನದ ಕ್ರಮವೇ ಲೇಸು.

ವಾಟ್ಸಾಪಿನಿಂದ ಕಾಪಿ ಮಾಡಿದ ನಂಬರಿನ ಹಿಂದೆ ಕಣ್ಣಿಗೆ ಕಾಣದ ಸ್ಪೇಸ್ ಅಂಟಿಕೊಂಡಿರಬಹುದು. ಪಕ್ಕದ ಕಾಲಮ್ಮಿನಲ್ಲಿ ಅಕ್ಷರ ಎಣಿಸುವ ಲೆನ್ (LEN) ಫಾರ್ಮುಲಾ ಹಾಕಿ. 16 ಬರಬೇಕಾದಲ್ಲಿ 17 ಬಂದರೆ ಕಳ್ಳ ಸಿಕ್ಕ. ಅಪ್‌ಲೋಡ್‌ಗೆ ಮುಂಚೆ ಆ ಕಾಲಂ ಅಳಿಸಿ. ವಿಳಾಸದ ಕಾಲಂ ಇದ್ದರೆ ‘12, 3ನೇ ಅಡ್ಡರಸ್ತೆ’ಯ ಅಲ್ಪವಿರಾಮ ಅದರ ನಂತರದ್ದನ್ನೆಲ್ಲ ಒಂದು ಕಾಲಂ ಬಲಕ್ಕೆ ತಳ್ಳುತ್ತದೆ, ಅಂಥದ್ದು ಜೋಡಿ ಉದ್ಧರಣ ಚಿಹ್ನೆಯೊಳಗಿರಲಿ.

ಇಷ್ಟಾಗಿ ‘ಸಕ್ಸಸ್’ ಎಂದು ಹಸಿರು ಬಂದರೂ ಚಾನೆಲ್ ಬಂದಿರಲಿಕ್ಕಿಲ್ಲ. ಪೋರ್ಟಲ್ ಕೋರಿಕೆ ತೆಗೆದುಕೊಂಡಿದೆ ಎಂದಷ್ಟೇ ಅದರರ್ಥ. ಅನುಮತಿಯ ಸಂದೇಶ, ಅಂದರೆ ಇಎಂಎಂ, ಸಿಗ್ನಲ್ ಹೊರಡುವ ಕೇಂದ್ರವಾದ ಹೆಡ್‌ಎಂಡ್‌ನಿಂದ ಕೇಬಲ್ ಸಿಗ್ನಲ್ ಜೊತೆಗೇ ಸುತ್ತುತ್ತ ಬರುತ್ತದೆ. ಆ ಹೊತ್ತಿಗೆ ಬಾಕ್ಸ್ ಆನ್ ಇದ್ದರೆ ಹಿಡಿದುಕೊಳ್ಳುತ್ತದೆ. ರಾತ್ರಿ ಮೇನ್ ಸ್ವಿಚ್ಚೇ ಆರಿಸಿ ಊರಿಗೆ ಹೋದವರ ಬಾಕ್ಸಿಗೆ ಯಾವ ಸಂದೇಶ? ಬಂದ ಮೇಲೆ ಬಾಕ್ಸ್ ಹಾಕಿ, ಒಂದು ಚಾನೆಲ್ ಇಟ್ಟು, ಆಫೀಸಿನಿಂದ ಮತ್ತೊಮ್ಮೆ ರಿಫ್ರೆಶ್ ಕೊಡಿಸಬೇಕು. ಅಷ್ಟರಲ್ಲಿ ಅವರು ಬಾಕ್ಸನ್ನು ಎರಡು ಸಲ ಕುಟ್ಟಿರುತ್ತಾರೆ. ಚಾನೆಲ್ ಬಂದದ್ದು ಕುಟ್ಟಿದ್ದಕ್ಕೇ ಎಂಬ ನಂಬಿಕೆ ಆಮೇಲೆ ಅಳಿಯುವುದಿಲ್ಲ.

ಇವೆಲ್ಲ ಕೊನೆಗೆ ಎಲ್ಲೋ ಒಂದು ಕಡೆ ಕೂಗಿ ಹೇಳುವ ತಪ್ಪುಗಳು. ಕೂಗದ ತಪ್ಪು ಒಂದಿದೆ: ಸಾರ್ಟಿಂಗ್. ವಿಸಿ ಕಾಲಮ್ಮೊಂದನ್ನೇ ಆರಿಸಿ ಸಾರ್ಟ್ ಒತ್ತಿದಾಗ, ಪಕ್ಕದ ಕಾಲಮ್ಮುಗಳನ್ನೂ ಸೇರಿಸಲೇ ಎಂದು ಎಕ್ಸೆಲ್ ಕೇಳುತ್ತದೆ. ಬೇಡ ಎಂದರೆ ಮುಗಿಯಿತು. ನಂಬರುಗಳೆಲ್ಲ ಅಸಲಿ, ಪ್ಯಾಕುಗಳೆಲ್ಲ ಅಸಲಿ, ಸಾಲುಗಳ ಲೆಕ್ಕ ಸರಿ, ಎರರ್ ಸೊನ್ನೆ. ಕ್ರಿಕೆಟ್ ಪ್ಯಾಕು ಧಾರಾವಾಹಿಯ ಅಜ್ಜಿಗೆ, ಕಾರ್ಟೂನು ನಿವೃತ್ತ ಹೆಡ್‌ಮಾಸ್ತರರಿಗೆ. ಬಾಕ್ಸ್ ನಂಬರ್ ಕಾಲಂ ತುಂಬಿದ್ದು ಪೋರ್ಟಲ್ ವಿಸಿ-ಬಾಕ್ಸ್ ಜೋಡಿ ತಾಳೆ ನೋಡುತ್ತಿದ್ದರೆ ಬಚಾವ್. ಆ ಕಾಲಮ್ಮನ್ನು ‘ಯಾಕೆ ಸುಮ್ನೆ’ ಎಂದು ಖಾಲಿ ಬಿಡುವ ಆಫೀಸುಗಳಿಗೆ ಆ ಭಾಗ್ಯವಿಲ್ಲ.

ಆದ್ದರಿಂದ ಇಳಿಸಿದ ಮೂಲ ಫೈಲನ್ನು ಮುಟ್ಟದೆ ಬೇರೆ ಫೋಲ್ಡರಿನಲ್ಲಿಡಿ. ತಪ್ಪು ಫೈಲ್ ಅಪ್‌ಲೋಡ್ ಆದ ಮೇಲೆ ವಾಪಸ್ ಹೋಗಲು ಇರುವ ದಾರಿ ಅದೊಂದೇ. ಮೊದಲು ಆಫೀಸಿನ ಸ್ವಂತ ಬಾಕ್ಸಿನ ಒಂದೇ ಸಾಲು ಹಾಕಿ ಟಿವಿ ನೋಡಿ, ಆಮೇಲೆ ಉಳಿದದ್ದು. ಕಟ್ ಮಾಡುವ ಫೈಲನ್ನು ಬೆಳಿಗ್ಗೆ ಹನ್ನೊಂದಕ್ಕೆ ಹಾಕಿ. ಸಂಜೆ ಏಳರ ಮೇಲೆ ಹಾಕುವುದಾದರೆ ಫೋನ್ ಎತ್ತಲು ಇಬ್ಬರನ್ನು ಕೂರಿಸಿ, ಅವರಲ್ಲಿ ಒಬ್ಬರು ಬೈಗುಳಕ್ಕೆ ನಗುವವರಾಗಿರಲಿ.