ಕೃಪಾಂಕದ ಕಾಲ್ಚೆಂಡು

ಗುರಿ ಮುಟ್ಟದ ಕೆಲಸಕ್ಕೂ ಸಂಭಾವನೆ ಕೊಡುವ ಪದ್ಧತಿ ಸರ್ಕಾರಿ ಕಚೇರಿಗಳ ಸ್ವತ್ತು ಎಂದು ನಂಬಿಕೊಂಡವರು ಒಮ್ಮೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನ ಅಂಕಪಟ್ಟಿಯ ಮೇಲೆ ಕಣ್ಣಾಡಿಸಬೇಕು. ಈ ಆಟದಲ್ಲಿ ಅಂಗಳದ ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳು 6.4 ಮೀಟರ್ ಅಂತರದಲ್ಲಿ ಸಾಲಾಗಿ ನಿಂತಿರುತ್ತವೆ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಚೆಂಡನ್ನು ಒದ್ದರೆ ಗೋಲ್. ಅದಕ್ಕೆ 6 ಅಂಕ. ಆ ದಾರಿ ತಪ್ಪಿ, ಎತ್ತರದ ಕಂಬಕ್ಕೂ ಅದರ ಪಕ್ಕದ ಗಿಡ್ಡ ಕಂಬಕ್ಕೂ ನಡುವಿನ ಸಂದಿಯಲ್ಲಿ ಹಾದುಹೋದರೆ ಬಿಹೈಂಡ್. ಅದಕ್ಕೆ 1 ಅಂಕ. ನಮ್ಮ ಎಸ್‌ಎಸ್‌ಎಲ್‌ಸಿ ಮಂಡಳಿ ಕೃಪಾಂಕವನ್ನು ವರ್ಷಕ್ಕೊಮ್ಮೆ, ಅದೂ ತುಸು ಸಂಕೋಚದಿಂದ ಕೊಡುತ್ತಿತ್ತು. ಮೆಲ್ಬೋರ್ನ್‌ನಲ್ಲಿ ಅದನ್ನು ಒಂದೇ ಪಂದ್ಯದಲ್ಲಿ ಹಲವು ಬಾರಿ, ಬಾವುಟ ಬೀಸಿ, ಸಾವಿರಾರು ಜನರ ಎದುರಿಗೆ ಕೊಡುತ್ತಾರೆ.

1859ರಲ್ಲಿ ಟಾಮ್ ವಿಲ್ಸ್ ಮತ್ತು ಸಂಗಡಿಗರು ಈ ಆಟದ ಮೊದಲ ನಿಯಮಗಳನ್ನು ಬರೆದಾಗ ಇಂಥ ಔದಾರ್ಯ ಇರಲಿಲ್ಲ. ಆಗ ಗೆಲುವು ಸೋಲನ್ನು ತೀರ್ಮಾನಿಸುತ್ತಿದ್ದುದು ಗೋಲ್ ಒಂದೇ. ತಪ್ಪಿದ ಒದೆತಗಳನ್ನು ಮುಂದೆ ಬರೆದಿಡತೊಡಗಿದರೂ ಅವು ಫಲಿತಾಂಶದ ಲೆಕ್ಕಕ್ಕೆ ಸೇರುತ್ತಿರಲಿಲ್ಲ. 1897ರಲ್ಲಿ, ವಿಕ್ಟೋರಿಯನ್ ಫುಟ್‌ಬಾಲ್ ಲೀಗ್‌ನ ಮೊದಲ ಋತುವಿನಲ್ಲೇ ಗೋಲಿಗೆ 6, ಬಿಹೈಂಡಿಗೆ 1 ಎಂಬ ದರಪಟ್ಟಿ ಜಾರಿಗೆ ಬಂದಿತು. ಆರು ವೈಫಲ್ಯಗಳು ಸೇರಿದರೆ ಒಂದು ಸಾಫಲ್ಯಕ್ಕೆ ಸಮ ಎಂದು ಹೀಗೆ ಲಿಖಿತವಾಗಿ ಒಪ್ಪಿಕೊಂಡ ಸಂಸ್ಥೆಗಳು ಜಗತ್ತಿನಲ್ಲಿ ಹೆಚ್ಚಿರಲಾರವು.

ಆದರೆ 6 ಅಂಕ ಸುಲಭವಾಗಿ ಸಿಗುವಂಥದ್ದಲ್ಲ. ಚೆಂಡು ನೇರವಾಗಿ ದಾಳಿಕಾರನ ಕಾಲಿನಿಂದಲೇ ಹೊರಟು, ದಾರಿಯಲ್ಲಿ ಯಾರ ಬೆರಳ ತುದಿಯನ್ನೂ ಸೋಕದೆ, ಕಂಬದ ಮೈಯನ್ನೂ ತಾಗದೆ ಒಳಹೋಗಬೇಕು. ಎತ್ತರದ ಕಂಬಕ್ಕೆ ತಾಗಿ ಒಳಗೇ ಬಿದ್ದರೂ 1 ಅಂಕ. ಎದುರಾಳಿಯ ಉಗುರು ಸವರಿದ್ದರೂ 1. ಸ್ವಂತ ಮೊಣಕಾಲಿನ ಮೇಲಿನಿಂದ ನೆಗೆದು ಹೋಗಿದ್ದರೂ 1. ಕಂಬಗಳಲ್ಲೂ ಮೇಲು ಕೀಳು ಉಂಟು. ಎತ್ತರದ ಕಂಬಕ್ಕೆ ಗುದ್ದಿದವನಿಗೆ 1 ಅಂಕವಾದರೂ ದಕ್ಕೀತು. ನೆಲ ಮುಟ್ಟದೆ ಬಂದ ಚೆಂಡು ಗಿಡ್ಡ ಕಂಬಕ್ಕೆ ತಾಗಿದರೆ ಏನೂ ಇಲ್ಲ, ಮೇಲಾಗಿ ಚೆಂಡೂ ಎದುರಾಳಿಯ ಪಾಲಾಗುತ್ತದೆ. ಮೂವತ್ತು ಮೀಟರ್ ದೂರದಿಂದ ಗುರಿಯಿಟ್ಟು ಅಂಗೈ ಅಗಲದ ಕಂಬಕ್ಕೇ ಚೆಂಡನ್ನು ಬಡಿಯುವ ನೈಪುಣ್ಯಕ್ಕೂ, ಒದೆತದ ದಿಕ್ಕೇ ತಿಳಿಯದ ಅನಾಡಿತನಕ್ಕೂ ಒಂದೇ ಬೆಲೆ ಕಟ್ಟಿರುವುದನ್ನು ಸಮಾನತೆ ಎನ್ನಬೇಕೋ ಏನೋ.

ಈ ಹಂಚಿಕೆಗೆ ತಕ್ಕ ವಿಧಿವಿಧಾನವೂ ಇದೆ. ಗೋಲ್ ಅಂಪೈರ್ ಎಂಬ ಅಧಿಕಾರಿ ಕಂಬಗಳ ನಡುವೆ ನಿಂತು, ಗೋಲಾದರೆ ಎರಡೂ ಕೈಗಳ ತೋರುಬೆರಳನ್ನು, ಬಿಹೈಂಡಾದರೆ ಒಂದೇ ಬೆರಳನ್ನು ಚಾಚುತ್ತಾರೆ. ಬಳಿಕ ಗೋಲಿಗೆ ಎರಡು ಬಿಳಿ ಬಾವುಟ, ಬಿಹೈಂಡಿಗೆ ಒಂದು ಬಾವುಟ ಬೀಸುತ್ತಾರೆ. ಹಿಂದೆ ಇವರು ವೈದ್ಯರಂತೆ ಉದ್ದನೆಯ ಬಿಳಿ ಕೋಟು ತೊಟ್ಟು, ತಲೆಗೆ ಟೋಪಿಯನ್ನೂ ಇಟ್ಟು ನಿಲ್ಲುತ್ತಿದ್ದರು. ಆ ಉಡುಪನ್ನು ತೆಗೆದದ್ದು ನನ್ನ ಮಟ್ಟಿಗೆ ದೊಡ್ಡ ನಷ್ಟ. ಇಂಥ ಲೆಕ್ಕವನ್ನು ಘೋಷಿಸುವವರಿಗೆ ಒಂದಷ್ಟು ವೇಷಭೂಷಣ ಬೇಕೇ ಬೇಕು.

ಅಂಕವನ್ನು ಬರೆಯುವ ಕ್ರಮವೂ ಗಮನಾರ್ಹ. 1948ರ ಗ್ರ್ಯಾಂಡ್ ಫೈನಲ್‌ನಲ್ಲಿ, ಅಂದರೆ ಋತುವಿನ ಅಂತಿಮ ಪಂದ್ಯದಲ್ಲಿ, ಎಸೆಂಡನ್ ತಂಡದ ಅಂಕ 7.27 (69), ಮೆಲ್ಬೋರ್ನ್ ತಂಡದ್ದು 10.9 (69). ಇವು ದಶಮಾಂಶಗಳಲ್ಲ, 12.4 ಓವರ್ ಎಂದು ಓದಿ ಬೆಳೆದ ನಮಗೆ ಈ ಚುಕ್ಕೆಯ ಚಮತ್ಕಾರ ಹೊಸತೂ ಅಲ್ಲ. ಚುಕ್ಕೆಯ ಹಿಂದೆ ಗೋಲ್, ಮುಂದೆ ಬಿಹೈಂಡ್, ಆವರಣದಲ್ಲಿ ಮೊತ್ತ. ಅಂದರೆ ಎಸೆಂಡನ್ 34 ಬಾರಿ ಅಂಕ ಗಳಿಸಿ ಅದರಲ್ಲಿ 27 ಬಾರಿ ಗುರಿ ತಪ್ಪಿದರೆ, ಮೆಲ್ಬೋರ್ನ್ 19 ಬಾರಿ ಮಾತ್ರ ಗಳಿಸಿ ಸರಿಸಮ ನಿಂತಿತು. ಪಂದ್ಯವನ್ನು ಮತ್ತೊಮ್ಮೆ ಆಡಿಸಿದಾಗ ಮೆಲ್ಬೋರ್ನ್ ನಿರಾಯಾಸವಾಗಿ ಗೆದ್ದಿತು. ಹೀಗೆ ಕೂಡಿಟ್ಟ ಅಂಕಗಳನ್ನೆಲ್ಲ ಋತುವಿನುದ್ದಕ್ಕೂ ಬಿಟ್ಟುಕೊಟ್ಟ ಅಂಕಗಳಿಂದ ಭಾಗಿಸಿ, ನೂರರಿಂದ ಗುಣಿಸಿ, ಅದನ್ನು ಶೇಕಡಾವಾರು ಎಂದು ಕರೆದು, ಸಮಬಲದ ತಂಡಗಳ ಸ್ಥಾನವನ್ನು ನಿರ್ಧರಿಸುತ್ತಾರೆ. ಒಳ್ಳೆಯ ತಂಡವೊಂದು ಶೇಕಡಾ 125 ಪಡೆಯುವುದು ಅಲ್ಲಿ ಯಾರ ಹುಬ್ಬನ್ನೂ ಏರಿಸುವುದಿಲ್ಲ.

ದಾನಕ್ಕೆ ಇಟ್ಟದ್ದನ್ನು ಜಾಣರು ಬಳಸಿಕೊಂಡಾಗಲೇ ದಾನಿಯ ನಿಜವಾದ ಮನಸ್ಸು ಹೊರಬೀಳುವುದು. ರಕ್ಷಣೆಯಲ್ಲಿರುವ ಆಟಗಾರ ತನ್ನದೇ ಗೆರೆಯಾಚೆಗೆ ಚೆಂಡನ್ನು ಒಯ್ದರೆ ಎದುರಾಳಿಗೆ ಸಿಗುವುದು 1 ಅಂಕ ಮಾತ್ರ. ಆಮೇಲೆ ಚೆಂಡನ್ನು ಒದ್ದು ಆಟ ಮುಂದುವರಿಸುವ ಹಕ್ಕು ರಕ್ಷಕನ ತಂಡದ್ದೇ. 2008ರಲ್ಲಿ ರಿಚ್ಮಂಡ್ ತಂಡದ ಜೋಯಲ್ ಬೌಡನ್ ಎಸೆಂಡನ್ ವಿರುದ್ಧ 6 ಅಂಕಗಳ ಮುನ್ನಡೆಯಲ್ಲಿದ್ದಾಗ, ಪಂದ್ಯದ ಕೊನೆಯ ಕ್ಷಣಗಳಲ್ಲಿ ಎರಡು ಬಾರಿ ಬೇಕೆಂದೇ ಗೆರೆ ದಾಟಿ, ಎರಡು ಅಂಕ ದಾನ ಮಾಡಿ, ಕಾಲವನ್ನು ಕಳೆದು 4 ಅಂಕಗಳಿಂದ ಪಂದ್ಯವನ್ನು ಗೆದ್ದುಕೊಟ್ಟರು. ಅದೇ ವರ್ಷದ ಗ್ರ್ಯಾಂಡ್ ಫೈನಲ್‌ನಲ್ಲಿ ಹಾಥಾರ್ನ್ ತಂಡ ಇದೇ ರೀತಿ 11 ಅಂಕಗಳನ್ನು ಬಿಟ್ಟುಕೊಟ್ಟಿತು; 11.23 (89) ಗಳಿಸಿದ ಜೀಲಾಂಗ್ ಎದುರು 18.7 (115) ಅಂಕಗಳೊಂದಿಗೆ ಕಪ್ ಎತ್ತಿಕೊಂಡಿತು. ಲೀಗಿಗೆ ಥಟ್ಟನೆ ನೈತಿಕ ಪ್ರಜ್ಞೆ ಜಾಗೃತವಾಯಿತು. 2009ರಿಂದ ಉದ್ದೇಶಪೂರ್ವಕವಾಗಿ ಚೆಂಡನ್ನು ಹೀಗೆ ಆಚೆ ತಳ್ಳುವುದು ಅಪರಾಧ. ದಂಡವಾಗಿ ಎದುರಾಳಿಗೆ ಗೋಲಿನ ಬಾಯಲ್ಲೇ ಫ್ರೀ ಕಿಕ್. ಎದುರಾಳಿಯ ಒತ್ತಡದಲ್ಲಿ ಗಾಬರಿಯಿಂದ ತಳ್ಳಿದವನಿಗೆ ಮಾತ್ರ ಕ್ಷಮೆಯುಂಟು. ಹೀಗಾಗಿ ಓಡುತ್ತಿರುವ ಮನುಷ್ಯನ ಅಂತರಂಗವನ್ನು ಓದುವ ಹೊಣೆಯೂ ಅಂಪೈರ್ ಹೆಗಲಿಗೇರಿತು.

ಅಂತರಂಗದ ಮಾತಿರಲಿ, ಕಂಬವನ್ನು ಓದುವುದೇ ಕಷ್ಟವಾಗಿದೆ. 2009ರ ಗ್ರ್ಯಾಂಡ್ ಫೈನಲ್‌ನಲ್ಲಿ ಟಾಮ್ ಹಾಕಿನ್ಸ್ ಒದ್ದ ಚೆಂಡು ಕಂಬಕ್ಕೆ ತಾಗಿದ್ದರೂ 6 ಅಂಕ ದೊರೆಯಿತು. 2012ರಿಂದ ವಿಡಿಯೊ ಮರುಪರಿಶೀಲನೆ ಬಂದಿತು. 2023ರಲ್ಲಿ ಅಡಿಲೇಡ್‌ನ ಬೆನ್ ಕೀಸ್ ಸಿಡ್ನಿ ವಿರುದ್ಧ ಪಂದ್ಯದ ಕೊನೆಯಲ್ಲಿ ಒದ್ದ ಚೆಂಡು ಕಂಬವನ್ನು ತಾಗದೆಯೇ ಒಳಹೋಯಿತು. ಅದು ತಾಗಿತೆಂದು ತೀರ್ಪಾಯಿತು. ತೀರ್ಪು ಎಷ್ಟು ನಿಸ್ಸಂದೇಹವಾಗಿತ್ತೆಂದರೆ ಮರುಪರಿಶೀಲನೆಯನ್ನು ಯಾರೂ ಕೇಳಲಿಲ್ಲ. ಅಡಿಲೇಡ್ ಸೋತದ್ದು 1 ಅಂಕದಿಂದ. ತಪ್ಪಾಯಿತೆಂದು ಲೀಗ್ ಆಮೇಲೆ ಒಪ್ಪಿಕೊಂಡಿತು, ಫಲಿತಾಂಶ ಮಾತ್ರ ಹಾಗೆಯೇ ಉಳಿಯಿತು.

ಸುಧಾರಣೆಯ ಪ್ರಯತ್ನಗಳು ನಡೆದಿಲ್ಲವೆಂದಲ್ಲ. 2003ರ ಋತುಪೂರ್ವ ಪಂದ್ಯಗಳಲ್ಲಿ 50 ಮೀಟರ್ ಆಚೆಯಿಂದ ಒದ್ದ ಗೋಲಿಗೆ 9 ಅಂಕವಿಟ್ಟು, ಎರಡು ಚುಕ್ಕೆಗಳ ಅಂಕಪಟ್ಟಿಯನ್ನೇ ಜನರ ಮುಂದಿಟ್ಟರು. 2018ರ ಎಎಫ್‌ಎಲ್‌ಎಕ್ಸ್ ಎಂಬ ಕಿರು ಆಟದಲ್ಲಿ ದೂರದಿಂದ ಒದ್ದ ಗೋಲಿನ ಬೆಲೆ 10 ಆಯಿತು. ದೊಡ್ಡ ಗೋಲುಗಳಿಗೆ ಬಡ್ತಿಯ ಮೇಲೆ ಬಡ್ತಿ ಸಿಕ್ಕಿತು, ಗುರಿ ತಪ್ಪಿದವನ ಒಂದು ಅಂಕವನ್ನು ಕಿತ್ತುಕೊಳ್ಳುವ ಧೈರ್ಯವನ್ನು ಮಾತ್ರ ಯಾರೂ ತೋರಲಿಲ್ಲ.

ತೋರಿದ್ದರೆ ಸೇಂಟ್ ಕಿಲ್ಡಾ ಕ್ಲಬ್ಬಿನವರು ಬೀದಿಗಿಳಿಯುತ್ತಿದ್ದರು. 1899ರಲ್ಲಿ ಜೀಲಾಂಗ್ ವಿರುದ್ಧದ ಒಂದು ಇಡೀ ಪಂದ್ಯದಲ್ಲಿ ಈ ತಂಡದ ಗಳಿಕೆ 0.1 (1), ಎದುರಾಳಿಯದ್ದು 162. ಅದೇ ತಂಡ 1966ರ ಗ್ರ್ಯಾಂಡ್ ಫೈನಲ್‌ನ ಕೊನೆಯ ಘಳಿಗೆಯಲ್ಲಿ ಕಾಲಿಂಗ್‌ವುಡ್ ಜೊತೆ ಸಮಬಲದಲ್ಲಿದ್ದಾಗ, ಬ್ಯಾರಿ ಬ್ರೀನ್ ಒದ್ದ ಚೆಂಡು ತೂರಾಡುತ್ತ ಗೋಲನ್ನು ತಪ್ಪಿ ಬಿಹೈಂಡ್ ಆಯಿತು. 74ಕ್ಕೆ 73. ಕ್ಲಬ್ಬಿನ ಇಂದಿನವರೆಗಿನ ಏಕೈಕ ಪ್ರಶಸ್ತಿ ಅದು. 2010ರಲ್ಲಿ ಅದೇ ಕಾಲಿಂಗ್‌ವುಡ್ ಎದುರು, ಅದೇ ಅಂತಿಮ ಪಂದ್ಯದ ಕೊನೆಯಲ್ಲಿ, ಸ್ಟೀಫನ್ ಮಿಲ್ನ್ ಕೈಗೆ ಸಿಗಬೇಕಿದ್ದ ಚೆಂಡು ಪುಟಿದು ದಿಕ್ಕು ಬದಲಿಸಿ ಮತ್ತೆ ಬಿಹೈಂಡ್ ಆಯಿತು. ಈ ಸಲ ಆ ಒಂದು ಅಂಕದಿಂದ ಬಂದದ್ದು 68–68ರ ಸಮಬಲ ಮಾತ್ರ. ವಾರದ ನಂತರ ಪಂದ್ಯವನ್ನು ಪುನಃ ಆಡಿಸಿದಾಗ ಕಾಲಿಂಗ್‌ವುಡ್ 44 ವರ್ಷಗಳ ಹಳೆಯ ಒಂದು ಅಂಕದ ಬಾಕಿಯನ್ನು ಬಡ್ಡಿಸಮೇತ, 56 ಅಂಕಗಳ ಅಂತರದಿಂದ ವಸೂಲು ಮಾಡಿಕೊಂಡಿತು.