ಮೂರು ಕುರ್ಚಿ, ಮೂರು ಪಂದ್ಯ

ಬಾಕ್ಸಿಂಗ್ ಪಂದ್ಯದಲ್ಲಿ ಕೊನೆಯ ಗಂಟೆ ಹೊಡೆದ ತಕ್ಷಣ ಏನಾಗುತ್ತೆ ಗಮನಿಸಿದ್ದೀರಾ? ಇಬ್ಬರೂ ಕೈ ಎತ್ತುತ್ತಾರೆ. ಒಬ್ಬನ ಎಡಗಣ್ಣು ಊದಿ ಮುಚ್ಚಿಹೋಗಿರುತ್ತೆ, ಮೂಗಿಂದ ರಕ್ತ ಸೋರ್ತಿರುತ್ತೆ, ಆದರೂ ಅವನ ಕಡೆಯವರು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ರಿಂಗ್ ತುಂಬಾ ಮೆರವಣಿಗೆ ಮಾಡ್ತಾರೆ. ನಾಲ್ಕು ಗೋಲಿಂದ ಸೋತ ಫುಟ್‌ಬಾಲ್ ತಂಡ ಹೀಗೆ ಕುಣಿದರೆ ಡಾಕ್ಟರನ್ನು ಕರೆಸುತ್ತಿದ್ದರು. ಬಾಕ್ಸಿಂಗಲ್ಲಿ ಮಾತ್ರ ಇದು ಜಾಣತನ. ಯಾಕಂದ್ರೆ ಆ ಹೊತ್ತಿಗೆ ಗೆದ್ದವರು ಯಾರು ಅಂತ ಪಕ್ಕದಲ್ಲೇ ಕೂತು ಅಂಕ ಬರೆದ ಜಡ್ಜ್‌ಗೂ ಗೊತ್ತಿರಲ್ಲ. ಉಳಿದಿಬ್ಬರು ಏನು ಬರೆದಿದ್ದಾರೋ ಯಾರಿಗೆ ಗೊತ್ತು!

ವ್ಯವಸ್ಥೆ ಹೀಗಿದೆ. ರಿಂಗಿನ ಮೂರು ಕಡೆ ಮೂರು ಕುರ್ಚಿ, ಮೂವರು ಜಡ್ಜ್‌ಗಳು. ರೌಂಡ್ ಗೆದ್ದವನಿಗೆ 10, ಸೋತವನಿಗೆ 9. ನೆಲಕ್ಕೆ ಬಿದ್ದರೆ ಸಾಮಾನ್ಯವಾಗಿ 8. ಕೇಳೋಕೆ ಸರಳವಾಗಿದೆ ಅಲ್ವಾ? ಈಗ ಒಂದು ಲೆಕ್ಕ ಮಾಡಿ. ಹನ್ನೆರಡು ರೌಂಡಿನ ಪಂದ್ಯ. ಐದು ರೌಂಡಲ್ಲಿ ನೀವು ಎದುರಾಳಿಯನ್ನು ರುಬ್ಬಿ ಹಾಕಿದ್ದೀರಿ, ಅವನ ಹಲ್ಲೆಲ್ಲ ಅಲುಗಾಡ್ತಿವೆ, ಆದರೆ ಆಸಾಮಿ ಹೇಗೋ ಬೀಳದೆ ನಿಂತ. ಉಳಿದ ಏಳು ರೌಂಡಲ್ಲಿ ಅವನು ನಿಮಗಿಂತ ಒಂದೇ ಒಂದು ಗುದ್ದು ಜಾಸ್ತಿ ಮುಟ್ಟಿಸಿದ. ಮೊತ್ತ ಎಷ್ಟು? ಅವನಿಗೆ 115, ನಿಮಗೆ 113. ನೀವು ಸೋತಿರಿ, ನಡೀರಿ. ರುಬ್ಬಿದ್ದಕ್ಕೂ ಒಂದೇ ಅಂಕದ ವ್ಯತ್ಯಾಸ, ಸವರಿದ್ದಕ್ಕೂ ಒಂದೇ.

ಇನ್ನು ರೌಂಡ್ ಗೆದ್ದವರು ಯಾರು ಅಂತ ನೋಡೋಕೆ ನಾಲ್ಕು ಅಳತೆಗೋಲು ಇಟ್ಟಿದ್ದಾರೆ. ಸ್ಪಷ್ಟವಾಗಿ ತಗುಲಿದ ಪಂಚ್, ಫಲ ಕೊಡುವ ಆಕ್ರಮಣ, ರಕ್ಷಣೆ, ಆಮೇಲೆ ರಿಂಗ್ ಜನರಲ್‌ಶಿಪ್. ಕೊನೆಯದು ನನಗೆ ಬಹಳ ಇಷ್ಟ. ಪಂದ್ಯ ಯಾರ ಹಿಡಿತದಲ್ಲಿದೆ ಅನ್ನೋದು ಇದರ ಅರ್ಥ. ಒಬ್ಬ ಹಿಂದೆ ಹಿಂದೆ ಸರಿಯುತ್ತಾ ಆಡ್ತಿದ್ದಾನೆ ಅಂದುಕೊಳ್ಳಿ. ಅವನು ನಮ್ಮವನಾದರೆ ರಿಂಗನ್ನು ಆಳುತ್ತಿದ್ದಾನೆ. ನಮ್ಮವನಲ್ಲದಿದ್ದರೆ ಹೆದರಿ ಓಡ್ತಿದ್ದಾನೆ. ಕಾಲು ಅದೇ, ಹೆಜ್ಜೆ ಅದೇ.

ಈ ಕಾಲಿನ ಜಗಳ ನೋಡಬೇಕಂದ್ರೆ 2017ರ ಸೆಪ್ಟೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಕನೆಲೊ ಅಲ್ವಾರೆಜ್ ಮತ್ತು ಗೆನ್ನಡಿ ಗೊಲೊವ್‌ಕಿನ್ ಪಂದ್ಯ ನೋಡಿ. ಒಬ್ಬ ಜಡ್ಜ್ 115-113 ಅಂತ ಗೊಲೊವ್‌ಕಿನ್‌ಗೆ ಕೊಟ್ಟರು. ಇನ್ನೊಬ್ಬರು 114-114, ಸಮ. ಮೂರನೆಯವರು 118-110 ಅಂತ ಕನೆಲೊಗೆ ಕೊಟ್ಟರು. ಅಂದ್ರೆ ಹನ್ನೆರಡರಲ್ಲಿ ಹತ್ತು ರೌಂಡ್ ಕನೆಲೊದು! ಕುರುಡರು ಆನೆ ಮುಟ್ಟಿದ ಕಥೆಯಲ್ಲಿ ಒಬ್ಬ ಕಂಬ ಅಂದ, ಒಬ್ಬ ಮೊರ ಅಂದ, ಸರಿ. ಕೊನೆಗೆ ಎಲ್ಲರೂ ಮುಟ್ಟಿದ್ದಂತೂ ಆನೆಯನ್ನೇ. ಇಲ್ಲಿ ಮೂರನೆಯವರು ಪಕ್ಕದ ಊರಿನ ಆನೆ ಮುಟ್ಟಿ ಬಂದ ಹಾಗಿತ್ತು. ಪಂದ್ಯ ಡ್ರಾ ಆಯಿತು.

ಇದೇನು ಹೊಸದಲ್ಲ. 1999ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಲೆನಾಕ್ಸ್ ಲೂಯಿಸ್ ಮತ್ತು ಹೋಲಿಫೀಲ್ಡ್ ಆಡಿದಾಗ ಲೂಯಿಸ್ ಮುಟ್ಟಿಸಿದ್ದು 348 ಪಂಚ್, ಹೋಲಿಫೀಲ್ಡ್ ಮುಟ್ಟಿಸಿದ್ದು 130. ಅದೂ ಡ್ರಾ. ಒಬ್ಬ ಜಡ್ಜ್ ಅಂತೂ ಹೋಲಿಫೀಲ್ಡೇ ಗೆದ್ದ ಅಂತ ಬರೆದರು. 2012ರಲ್ಲಿ ಪಕ್ವಿಯಾವೊ ಮತ್ತು ಬ್ರಾಡ್ಲಿ ಪಂದ್ಯ ಬ್ರಾಡ್ಲಿ ಪಾಲಾಯಿತು. ಜನ ಬೊಬ್ಬೆ ಹಾಕಿದರು ಅಂತ ಆ ಬೆಲ್ಟ್ ಕೊಡುವ ಬಾಕ್ಸಿಂಗ್ ಸಂಸ್ಥೆಯವರು ಐದು ಜನ ಜಡ್ಜ್‌ಗಳನ್ನು ಕೂರಿಸಿ ಇಡೀ ಪಂದ್ಯದ ವಿಡಿಯೊ ತೋರಿಸಿದರು. ಐದಕ್ಕೆ ಐದೂ ಜನ ಪಕ್ವಿಯಾವೊ ಗೆದ್ದ ಅಂದರು. ಹಾಗಾದರೆ ಫಲಿತಾಂಶ ಬದಲಾಯ್ತಾ? ಛೇ, ಎಲ್ಲಾದರೂ ಉಂಟೇ. ಸುಮ್ನೆ ತಿಳಿದುಕೊಳ್ಳೋಣ ಅಂತ ಕೇಳಿದ್ದಷ್ಟೇ.

ಒಲಿಂಪಿಕ್ಸ್ ಕಥೆ ಇನ್ನೂ ಚೆನ್ನಾಗಿದೆ. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ರಾಯ್ ಜೋನ್ಸ್ ಕೊರಿಯಾದ ಹುಡುಗನಿಗೆ ಮನಸಾರೆ ಬಾರಿಸಿದ. ಎಣಿಸಿದವರ ಲೆಕ್ಕದಲ್ಲಿ 86 ಪಂಚ್, ವಾಪಸ್ ತಿಂದಿದ್ದು 32. ಅಲ್ಲಿ ಜಡ್ಜ್‌ಗಳು ಐದು ಜನ. ತೀರ್ಪು 3-2, ಚಿನ್ನ ಕೊರಿಯಾಕ್ಕೆ. ಆಮೇಲೆ ಇಡೀ ಕೂಟದ ಅತ್ಯುತ್ತಮ ಬಾಕ್ಸರ್ ಅಂತ ಟ್ರೋಫಿ ಕೊಟ್ಟರು. ಯಾರಿಗೆ? ಸೋತ ರಾಯ್ ಜೋನ್ಸ್‌ಗೆ! ಅಳುವ ಮಗುವಿಗೆ ಬೆಲ್ಲ ಕೊಟ್ಟ ಹಾಗೆ.

ಮನುಷ್ಯರನ್ನು ನಂಬೋದು ಬೇಡ ಅಂತ 1992ಕ್ಕೆ ಕಂಪ್ಯೂಟರ್ ತಂದರು. ಐದು ಜನ ಜಡ್ಜ್‌ಗಳ ಕೈಗೆ ಬಟನ್. ಒಂದು ಪಂಚ್ ಲೆಕ್ಕಕ್ಕೆ ಬರಬೇಕಾದರೆ ಮೂವರು ಒಂದೇ ಸೆಕೆಂಡಿನೊಳಗೆ ಒತ್ತಬೇಕು. ಅಂದ್ರೆ ಬಾಕ್ಸರ್‌ಗಳ ಕೈಚಳಕದ ಜೊತೆಗೆ ಜಡ್ಜ್‌ಗಳ ಹೆಬ್ಬೆರಳಿನ ಚಳಕವೂ ಪರೀಕ್ಷೆಗೆ ಬಂತು. ಎಷ್ಟೋ ಪಂಚ್‌ಗಳು ಮುಖಕ್ಕೆ ತಗುಲಿದವು, ಬೋರ್ಡಿಗೆ ತಗುಲಲಿಲ್ಲ. 2012ರ ಲಂಡನ್‌ಗೆ ಬರೋ ಹೊತ್ತಿಗೆ ಇನ್ನೊಂದು ಪವಾಡ ನಡೆಯಿತು. ಜಪಾನಿನ ಸತೋಷಿ ಶಿಮಿಜು ಕೊನೆಯ ರೌಂಡಲ್ಲಿ ಅಜರ್‌ಬೈಜಾನಿನ ಎದುರಾಳಿಯನ್ನು ಆರು ಸಲ ಕೆಡವಿದ. ಒಂದಲ್ಲ ಎರಡಲ್ಲ, ಆರು. ಸ್ಕೋರ್? ಬಿದ್ದವನಿಗೆ 22, ಕೆಡವಿದವನಿಗೆ 17. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ಗಾದೆಯನ್ನು ಅಂಕಪಟ್ಟಿಯಲ್ಲಿ ಬರೆದು ತೋರಿಸಿದ್ದು ಅದೇ ಮೊದಲಿರಬೇಕು. ಆಮೇಲೆ ದೂರು ಕೊಟ್ಟಿದ್ದಕ್ಕೆ ತೀರ್ಪು ತಿರುಗಿತು, ರೆಫ್ರಿಯನ್ನು ಮನೆಗೆ ಕಳಿಸಿದರು.

ಅದೇ ಕೂಟದಲ್ಲಿ ನಮ್ಮ ವಿಕಾಸ್ ಕೃಷನ್ ಅಮೆರಿಕದ ಎರಲ್ ಸ್ಪೆನ್ಸ್ ಮೇಲೆ 13-11ರಿಂದ ಗೆದ್ದರು. ಕೆಲವು ಗಂಟೆ ಗೆದ್ದವರಾಗಿಯೇ ಇದ್ದರು ಕೂಡ. ಅಷ್ಟರಲ್ಲಿ ಅಮೆರಿಕದವರು ದೂರು ಕೊಟ್ಟರು. ವಿಕಾಸ್ ಎದುರಾಳಿಯನ್ನು ಹಿಡಿದುಕೊಂಡಿದ್ದು, ಹಲ್ಲು ಕಾಯೋ ಗಮ್‌ಶೀಲ್ಡ್ ಉಗುಳಿದ್ದು ರೆಫ್ರಿ ಕಣ್ಣಿಗೆ ಬೀಳಲಿಲ್ಲ ಅಂತ ಸ್ಪೆನ್ಸ್‌ಗೆ ನಾಲ್ಕು ಅಂಕ ಸೇರಿಸಿದರು. 15-13. ರಿಂಗಲ್ಲಿ ಗೆದ್ದವರು ಕಾಗದದಲ್ಲಿ ಸೋತರು. ದೂರಿನಲ್ಲಿ ಹುರುಳಿತ್ತು ಅನ್ನೋದನ್ನು ಹೊಟ್ಟೆ ಉರಿದರೂ ಒಪ್ಪಬೇಕು.

ಸರಿ, ಬಟನ್ ಬೇಡ, ವೃತ್ತಿಪರ ಬಾಕ್ಸಿಂಗಿನ 10-9 ವಾಸಿ ಅಂತ ಒಲಿಂಪಿಕ್ಸ್‌ನವರೂ ಅದಕ್ಕೇ ಹೋದರು. 2016ರಲ್ಲಿ ರಿಯೊದಲ್ಲಿ ಐರ್ಲೆಂಡಿನ ಮೈಕಲ್ ಕಾನ್ಲನ್‌ನನ್ನು ಸೋಲಿಸಿದ ರಷ್ಯಾದವನು ಎಷ್ಟು ಜೋರಾಗಿ "ಗೆದ್ದಿದ್ದ" ಅಂದ್ರೆ, ಗಾಯವಾಗಿ ಸೆಮಿಫೈನಲ್‌ಗೆ ಇಳಿಯೋಕೇ ಆಗಲಿಲ್ಲ. ಸೋತ ಕಾನ್ಲನ್ ಮಾತ್ರ ರಿಂಗಲ್ಲೇ ನಿಂತು ಜಡ್ಜ್‌ಗಳಿಗೆ ಎರಡೂ ಕೈಯ ನಡುಬೆರಳು ತೋರಿಸಿದ. ಆಮೇಲೆ ಅಲ್ಲಿ ಕೆಲಸ ಮಾಡಿದ 36 ರೆಫ್ರಿ, ಜಡ್ಜ್‌ಗಳನ್ನೂ ಕೆಲಸದಿಂದ ದೂರ ಇಟ್ಟರು.

ಎಲ್ಲಕ್ಕಿಂತ ನನ್ನ ಕಣ್ಣಿಗೆ ಕಟ್ಟಿದ್ದು ಟೋಕಿಯೊದ ಮೇರಿ ಕೋಮ್. 2021ರ ಜುಲೈ. ಕೊಲಂಬಿಯಾದ ಇಂಗ್ರಿಟ್ ವಲೆನ್ಸಿಯಾ ಎದುರು ಮೂರರಲ್ಲಿ ಎರಡು ರೌಂಡನ್ನು ಹೆಚ್ಚಿನ ಜಡ್ಜ್‌ಗಳು ಮೇರಿಗೇ ಕೊಟ್ಟಿದ್ದರು, ಆದರೆ ಒಟ್ಟು ತೀರ್ಪು 2-3. ರೆಫ್ರಿ ಎತ್ತಿದ್ದು ವಲೆನ್ಸಿಯಾ ಕೈ. ಮೇರಿ ತಮ್ಮ ಕೈಯನ್ನು ತಾವೇ ಎತ್ತಿದರು, ನಕ್ಕರು, ಅದೇ ಖುಷಿಯಲ್ಲಿ ಡೋಪಿಂಗ್ ಪರೀಕ್ಷೆಗೂ ಹೋದರು. ಸೋತಿದ್ದು ಮನಸ್ಸಿಗೆ ನಾಟಿದ್ದು ಆಮೇಲೆ, ಫೋನ್ ನೋಡಿದಾಗ. ಆರು ಸಲ ವಿಶ್ವ ಚಾಂಪಿಯನ್ ಆದವರಿಗೇ ತಾವು ಗೆದ್ದೆವೋ ಸೋತೆವೋ ಗೊತ್ತಾಗದಿದ್ದರೆ ಸೋಫಾ ಮೇಲೆ ಕೂತ ನಮ್ಮ ಪಾಡೇನು?

ಆದರೆ ನಮಗೆ ಅನುಮಾನವೇ ಬರಲ್ಲ ನೋಡಿ. ಪ್ರತಿ ತೀರ್ಪೂ ನಮಗೆ ಹಗಲು ದರೋಡೆ. "ಚಾಂಪಿಯನ್ ಕೈಯಿಂದ ಬೆಲ್ಟನ್ನು ಕಿತ್ತುಕೊಳ್ಳಬೇಕಪ್ಪಾ, ಸುಮ್ನೆ ಗೆದ್ದರೆ ಸಾಲದು" ಅನ್ನುವವರಿದ್ದಾರೆ. ಆ ನಾಲ್ಕು ಅಳತೆಗೋಲಲ್ಲಿ ಇದು ಎಲ್ಲೂ ಇಲ್ಲ, ಆದರೂ ಶಾಸನದ ಹಾಗೆ ಹೇಳ್ತಾರೆ. ಇನ್ನು ಕೆಲವರದು ಒಂದೇ ಮಂತ್ರ: ಸೌಂಡ್ ಆಫ್ ಮಾಡಿ ನೋಡು. ಕಾಮೆಂಟರಿ ತಲೆ ಕೆಡಿಸುತ್ತೆ, ಮ್ಯೂಟ್ ಮಾಡಿದರೆ ಸತ್ಯ ಕಾಣುತ್ತೆ.

ನಾನೂ ನೋಡಿದೆ. ಅದೇ ಕನೆಲೊ-ಗೊಲೊವ್‌ಕಿನ್ ಪಂದ್ಯ. ಹಾಳೆ, ಪೆನ್ಸಿಲ್, ರಬ್ಬರ್ ಎಲ್ಲ ಇಟ್ಟುಕೊಂಡು ಕೂತೆ. ಮೊದಲ ಸಲ ಸೌಂಡ್ ಇಟ್ಟು ನೋಡಿದಾಗ ನನ್ನ ಲೆಕ್ಕ 116-112, ಗೊಲೊವ್‌ಕಿನ್. ಆ 118-110 ಕೊಟ್ಟವರನ್ನು ಬಾಯಿಗೆ ಬಂದ ಹಾಗೆ ಬೈದೆ. ಎರಡನೇ ಸಲ ಮ್ಯೂಟ್ ಮಾಡಿದೆ, 115-113. ಒಂಬತ್ತನೇ ರೌಂಡ್ ಬರೆದು, ಅಳಿಸಿ, ಮತ್ತೆ ಬರೆದು ಹಾಳೆ ತೂತಾಯಿತು. ಮೂರನೇ ಸಲ ನೋಡಿದಾಗ 114-114 ಬಂತು. ನಾಲ್ಕನೇ ಸಲ ನೋಡೋಕೆ ಧೈರ್ಯ ಬರಲಿಲ್ಲ. ಹಾಳೆ ಮಡಚಿ ಡ್ರಾಯರಲ್ಲಿಟ್ಟು ಬೀಗ ಹಾಕಿದ್ದೇನೆ.