ಅದು ಕಲ್ಲಲ್ಲ ಸಾರ್

ಅಂಡಮಾನಿಂದ ಬಂದು ನಾಲ್ಕು ದಿನ ಆಯ್ತು, ಕಾಲಿನ ಗಾಯನೂ ಒಣಗಿಲ್ಲ, ಸಿಟ್ಟೂ ಇಳಿದಿಲ್ಲ. ಫೋಟೋ ಹಾಕು ಹಾಕು ಅಂತ ಎಲ್ರೂ ಮೆಸೇಜ್ ಮಾಡ್ತಿದೀರ. ಹಾಕ್ತೀನಿ, ಹೆಂಡತಿ ಕೃಪೆಯಿಂದ ಒಂದೇ ಸೂರ್ಯ ಮುಳುಗೋದು ಹದಿನೇಳು ಫೋಟೋ ಇದೆ. ಆದ್ರೆ ಇದನ್ನ ಮೊದಲು ಬರೆದು ಮುಗಿಸ್ದೆ ಇದ್ರೆ ನಂಗೆ ನಿದ್ದೆ ಬರಲ್ಲ. ಉದ್ದ ಇದೆ. ಟೈಮ್ ಇಲ್ದೋರು ಲೈಕ್ ಒತ್ತಿ ಮುಂದೆ ಹೋಗಿ, ನೀವು ಯಾವಾಗ್ಲೂ ಮಾಡೋದು ಅದೇ ಅಲ್ವಾ.

ನಾವು ಹೋಗಿದ್ದು ನೀಲ್ ದ್ವೀಪಕ್ಕೆ. 2018ರ ಡಿಸೆಂಬರಿಂದ ಅದರ ಹೆಸರು ಶಹೀದ್ ದ್ವೀಪ ಅಂತ ಆಗಿದೆ, ಆದ್ರೂ ಆಟೋದವರಿಂದ ಹಿಡಿದು ಎಳನೀರಿನವರ ತನಕ ಎಲ್ರ ಬಾಯಲ್ಲೂ ಇನ್ನೂ ನೀಲೇ. (1857ರಲ್ಲಿ ಅಲಹಾಬಾದಿನಲ್ಲಿ ಸಿಕ್ಕಸಿಕ್ಕವರನ್ನ ಗಲ್ಲಿಗೇರಿಸಿದ ಜೇಮ್ಸ್ ನೀಲ್ ಅನ್ನೋ ಬ್ರಿಟಿಷ್ ಸೇನಾಧಿಕಾರಿಯ ಹೆಸರದು, ಹೋಗಿದ್ದೇ ಒಳ್ಳೇದಾಯ್ತು ಬಿಡಿ.) ಚಿಕ್ಕ ದ್ವೀಪ, 14 ಚದರ ಕಿಲೋಮೀಟರ್ ಕೂಡ ಇಲ್ಲ, 2011ರ ಜನಗಣತಿ ಪ್ರಕಾರ 3,000 ಚಿಲ್ಲರೆ ಜನ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಮನೆತನಗಳೇ ಹೆಚ್ಚು, ತರಕಾರಿ ಬೆಳೀತಾರೆ, ಅಂಡಮಾನಿನ ಬೇರೆ ಕಡೆಗೂ ಇಲ್ಲಿಂದಲೇ ಬದನೆ, ಸೋರೆ ಹೋಗತ್ತೆ. ಊರುಗಳ ಹೆಸರು ನೋಡಿ, ರಾಮನಗರ, ಸೀತಾಪುರ, ಭರತಪುರ, ಲಕ್ಷ್ಮಣಪುರ. ಶತ್ರುಘ್ನನನ್ನ ಮಾತ್ರ ಯಥಾಪ್ರಕಾರ ಮರೆತಿದಾರೆ.

ನನ್ನ ಕಥೆ ನಡೆದಿದ್ದು ಲಕ್ಷ್ಮಣಪುರದಲ್ಲಿ. ದ್ವೀಪದ ಪಶ್ಚಿಮದ ಮೂಲೆ ಅದು, ನೆಲ ಚೂಪಾಗ್ತಾ ಚೂಪಾಗ್ತಾ ಹೋಗಿ ಸಮುದ್ರದೊಳಗೆ ಮೂತಿ ಚಾಚಿದ ಹಾಗಿದೆ, ಒಂದು ಕಡೆ ಕಾಡು, ಮುಂದೆ ಹಿಟ್ಟಿನಂಥ ಬಿಳೀ ಮರಳು. ಆಟೋ ಇಳಿದು ಅಂಗಡಿಗಳನ್ನ ದಾಟಿ ಒಂದಷ್ಟು ದೂರ ಮರಳಲ್ಲಿ ನಡೆದ್ರೆ ಮನುಷ್ಯರ ಸದ್ದು ನಿಂತೇ ಹೋಗತ್ತೆ. ಕುಂದಾಪುರದ ಕಡಲು ನೋಡ್ಕೊಂಡು ಬೆಳೆದವನು ನಾನು, ನಂಗೆ ಬೀಚ್ ಅಂದ್ರೆ ಅಷ್ಟೇನು ವಿಶೇಷ ಇಲ್ಲ, ಅದು ನಿಮ್ಗೂ ಗೊತ್ತು. ಆದ್ರೆ ನಮ್ಮೂರ ಕಡಲಿಗೆ ಒಳಗೇನಿದೆ ಅಂತ ತೋರಿಸೋ ಅಭ್ಯಾಸ ಇಲ್ಲ. ಇಲ್ಲಿ ಸೊಂಟದ ಮಟ್ಟ ನೀರಲ್ಲಿ ನಿಂತ್ರೆ ಕಾಲಿನ ಉಗುರು ಕಾಣತ್ತೆ ಮಾರಾಯ್ರೆ!

ಮಾಸ್ಕ್ ಹಾಕ್ಕೊಂಡು ಮುಖ ನೀರಿಗಿಟ್ಟ ಕೂಡ್ಲೇ ನಂಗೆ ಆಶ್ಚರ್ಯ ಆಗಿದ್ದು ಬಣ್ಣ ನೋಡಿ ಅಲ್ಲ, ಸದ್ದು ಕೇಳಿ. ನೀರೊಳಗೆ ಮೌನ ಇರತ್ತೆ ಅಂದ್ಕೊಂಡಿದ್ದೆ. ಅಲ್ಲಿ ನೋಡಿದ್ರೆ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ ಚಟಪಟ, ನಿಲ್ಲೋದೇ ಇಲ್ಲ. ಹವಳದ ಸಂದಿಯಲ್ಲಿರೋ ಚಿಕ್ಕ ಚಿಕ್ಕ ಸಿಗಡಿಗಳು ಕೊಂಡಿ ಚಿಟಿಕೆ ಹೊಡೆಯೋ ಸದ್ದಂತೆ ಅದು. ಮಧ್ಯೆ ಮಧ್ಯೆ ಕಟುಂ ಕಟುಂ ಅಂತ ಇನ್ನೊಂದು, ಅದು ಗಿಳಿಮೀನು, ಹಸಿರು ನೀಲಿ ಮೈ, ಗಿಳಿಯ ಕೊಕ್ಕಿನಂಥದ್ದೇ ಹಲ್ಲು, ಹವಳ ಕೆರೆದು ತಿಂದು ಹಿಂದಿನಿಂದ ಬಿಳೀ ಪುಡಿ ಬಿಟ್ಕೊಂಡು ಹೋಗತ್ತೆ. ಆ ಪುಡಿನೇ ಮರಳಾಗೋದು. ಹನಿಮೂನ್ ಜೋಡಿಗಳು ಹೃದಯ ಬರೆದು ಹೆಸರು ಕೆತ್ತೋ ಮರಳಲ್ಲಿ ಬಹುಪಾಲು ಮೀನಿನ ಕಕ್ಕ ಅಂತ ಹೆಂಡತಿಗೆ ಹೇಳ್ದೆ, ಅವಳಿಗೇನೂ ರೋಮ್ಯಾಂಟಿಕ್ ಅನ್ಸಲಿಲ್ಲ.

ಇಷ್ಟು ಚಂದ ನಡೀತಿತ್ತಾ, ಎರಡನೇ ದಿನ ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ, ಭರತ ಇಳಿಯೋಕೆ ಶುರುವಾಗಿತ್ತು (ನಮ್ಮ ಕಡೆ ಉಬ್ಬರಕ್ಕೆ ಭರತ ಅಂತಾರೆ, ಭರತಪುರಕ್ಕೂ ಇದಕ್ಕೂ ಸಂಬಂಧ ಇಲ್ಲ), ನಾನು ತಲೆ ಎತ್ತಿ ನೋಡ್ತೀನಿ, ಇಪ್ಪತ್ತು ಅಡಿ ದೂರದಲ್ಲಿ ಒಬ್ರು ಯಜಮಾನರು, ಐವತ್ತೈದರ ಆಸುಪಾಸು, ಲೈಫ್ ಜಾಕೆಟ್ ಹಾಕ್ಕೊಂಡು ಸಮುದ್ರದ ಮಧ್ಯೆ ಗೊಮ್ಮಟೇಶ್ವರನ ಥರ ನಿಂತಿದಾರೆ. ದಡದಲ್ಲಿರೋ ಕುಟುಂಬಕ್ಕೆ ಕೈ ಬೀಸ್ತಾ ಅಚ್ಚ ಕನ್ನಡದಲ್ಲಿ ಕೂಗ್ತಿದಾರೆ, "ಬನ್ರೇ, ಇಲ್ಲಿ ಕಲ್ಲಿದೆ, ಆರಾಮಾಗಿ ನಿಂತ್ಕೋಬಹುದು!"

ಕಲ್ಲಲ್ಲ ಅದು. ಬೋರಲು ಹಾಕಿದ ಅನ್ನದ ಕೊಪ್ಪರಿಗೆ ಥರದ ಹವಳ. ಹತ್ರ ಹೋಗಿ, ಆದಷ್ಟು ಮರ್ಯಾದೆಯಿಂದ್ಲೇ ಹೇಳ್ದೆ, "ಸಾರ್, ಅದು ಕಲ್ಲಲ್ಲ, ಜೀವಂತ ಹವಳ, ದಯವಿಟ್ಟು ಇಳೀರಿ."

"ಓ! ಕನ್ನಡದೋರಾ! ಯಾವೂರು?"

ನಾನು ಕುಂದಾಪುರ ಅಂದೆ. ಅಲ್ಲೇ ತಪ್ಪಾಗಿದ್ದು. ಅವರ ಷಡ್ಡಕರು ಕೋಟೇಶ್ವರದವರಂತೆ. ಬೆಂಗ್ಳೂರಲ್ಲಿ ಎಲ್ಲಿ ಮನೆ, ಸ್ವಂತದ್ದಾ ಬಾಡಿಗೆನಾ, ಕೆಲಸ ಎಲ್ಲಿ, ಮಕ್ಕಳೆಷ್ಟು, ಇಲ್ಲಿ ಊಟಕ್ಕೆ ಎಲ್ಲಿ ಹೋಗ್ತೀರಿ, ಬರೀ ಸಾಸಿವೆ ಎಣ್ಣೆ ವಾಸನೆ ಅಲ್ವಾ ಸಾರ್, ನಿಮ್ಮ ಕಡೆ ಕೋಳಿ ಸುಕ್ಕ ಮುಂದೆ ಇದೆಲ್ಲ ಏನು. ಇಷ್ಟೂ ಮಾತು ಹವಳದ ಮೇಲೆ ನಿಂತೇ! ಒಂದು ಕಾಲು ನೋವಾದಾಗ ಇನ್ನೊಂದು ಕಾಲಿಗೆ ಭಾರ ಬದಲಾಯಿಸ್ತಾ. ನಾನು ಮತ್ತೆ "ಸಾರ್, ಹವಳ" ಅಂದೆ. ಅವರು ಬಗ್ಗಿ ನೀರೊಳಗೆ ನೋಡಿ ನಕ್ಕು, "ಹವಳ ಅಂದ್ರೆ ಕೆಂಪಗಿರಲ್ವಾ? ಇದು ನೋಡಿ, ಇದು ಹವಳ" ಅಂತ ಬಲಗೈ ಮುಂದೆ ಮಾಡಿದ್ರು. ಉಂಗುರದ ಬೆರಳಲ್ಲಿ ಚಿನ್ನದ ಕಟ್ಟಿನ ಕೆಂಪು ಹವಳ. ಮಂಗಳ ದೋಷಕ್ಕೆ ಜೋಯಿಸರು ಹೇಳಿ ಹಾಕಿಸಿದ್ದಂತೆ.

ನಂಗೆ ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ. ಕೈಯಲ್ಲಿರೋದೂ ಸಮುದ್ರದ ಪ್ರಾಣಿ ಕಟ್ಟಿದ ಎಲುಬೇ, ಕಾಲ ಕೆಳಗಿರೋದೂ ಅದರದ್ದೇ ದೂರದ ದಾಯಾದಿ. ಒಂದಕ್ಕೆ ಹಾಲಲ್ಲಿ ಅಭಿಷೇಕ ಮಾಡಿ ಮಂಗಳವಾರ ನೋಡಿ ಹಾಕ್ಕೊಂಡಿದಾರೆ, ಇನ್ನೊಂದರ ತಲೆ ಮೇಲೆ ಎಂಬತ್ತು ಕೆಜಿ ಹೇರ್ಕೊಂಡು ನಿಂತಿದಾರೆ.

ನೋಡಿ, ಶಾಲೆ ಪಾಠದ ಥರ ಆಗತ್ತೆ, ಆದ್ರೂ ಹೇಳ್ತೀನಿ. ಹವಳ ಅಂದ್ರೆ ಸಾವಿರಾರು ಪುಟಾಣಿ ಪ್ರಾಣಿಗಳ ವಠಾರ. ಒಂದೊಂದೂ ತನ್ನ ಕೆಳಗೆ ಸುಣ್ಣದ ಮನೆ ಕಟ್ಕೊಂಡು ಹೋಗತ್ತೆ, ಮೇಲ್ಗಡೆ ತೆಳ್ಳಗೆ ಹಾಲಿನ ಕೆನೆಯಷ್ಟು ಮಾತ್ರ ಜೀವ ಇರೋದು. ಆ ಕೆನೆ ಒಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗಿರತ್ತೆ, ಬಿಸಿಲಲ್ಲಿ ಅಡುಗೆ ಮಾಡಿ ಓನರಿಗೂ ಬಡಿಸತ್ತೆ, ಬಣ್ಣ ಬಹುಪಾಲು ಅದರಿಂದ್ಲೇ. ನೀವು ಕಾಲಿಟ್ರೆ ತಿಕ್ಕಿ ಹೋಗೋದು ಆ ಕೆನೆ. ಉಂಡೆ ಥರ ಬೆಳೆಯೋ ಹವಳ ಬೆಳೆಯೋದು ವರ್ಷಕ್ಕೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್. ಅರ್ಧ ಮೀಟರ್ ಎತ್ತರದ್ದಕ್ಕೆ 50 ವರ್ಷ ಅಂತ ಹಿಡೀರಿ. ಯಜಮಾನರ ಓರಗೆಯದ್ದೇ ಅದು! ಇವರು ಒಂದನೇ ಕ್ಲಾಸಿಗೆ ಹೋಗುವಾಗ ಅದೂ ಅಂಗೈ ಮೇಲೆ ಕೂರುವಷ್ಟಿತ್ತೋ ಏನೋ.

ಮತ್ತೆ ಕಾನೂನು. 1972ರ ವನ್ಯಜೀವಿ ರಕ್ಷಣಾ ಕಾಯಿದೆಯ ಮೊದಲನೇ ಪರಿಚ್ಛೇದದಲ್ಲಿದೆ ದಿಬ್ಬ ಕಟ್ಟೋ ಹವಳ. ಅದೇ ಪರಿಚ್ಛೇದದಲ್ಲಿ ಯಾರಿದಾರೆ ಗೊತ್ತಾ? ಹುಲಿ. ಬಂಡೀಪುರಕ್ಕೆ ಹೋಗಿ ಹುಲಿ ಬೆನ್ನ ಮೇಲೆ ನಿಂತು "ಬನ್ರೇ, ಆರಾಮಾಗಿ ನಿಂತ್ಕೋಬಹುದು" ಅಂತೀರಾ? ಹುಲಿಗೆ ಹಲ್ಲಿದೆ, ಅದಕ್ಕೆ ಮರ್ಯಾದೆ. ಸತ್ತು ದಡಕ್ಕೆ ಬಿದ್ದ ಹವಳದ ಚೂರು ಬ್ಯಾಗಲ್ಲಿ ಹಾಕ್ಕೊಂಡು ಬಂದ್ರೆ ಏರ್‌ಪೋರ್ಟಲ್ಲಿ ಹಿಡೀತಾರೆ, ಬದುಕಿರೋದರ ಮೇಲೆ ನಿಂತು ಕುಣಿದ್ರೆ ನೀರೊಳಗೆ ಕೇಳೋರು ಯಾರು?

ಗೈಡ್ ಹುಡುಗ್ರೂ ಏನು ಕಮ್ಮಿ ಇಲ್ಲ. ಈಜು ಬರದವರನ್ನ ಟ್ಯೂಬಿಗೆ ಹಿಡಿಸಿ ಎಳ್ಕೊಂಡು ಹೋಗ್ತಾರೆ, ಅದು ಸರಿ, ಮಧ್ಯದಲ್ಲಿ ಫೋಟೋ ತೆಗೆಯೋಕೆ ಅವರೇ ಒಂದು ಉಂಡೆ ಹುಡುಕಿ "ಖಡೇ ಹೋ ಜಾಯಿಯೇ ಸರ್" ಅಂತಾರೆ. ಬೆಳಿಗ್ಗೆ ಇಳಿತದ ಹೊತ್ತಿಗೆ ಕಡಲಂಚಲ್ಲಿ ತಾನಾಗೇ ಆಗಿರೋ ಕಲ್ಲಿನ ಕಮಾನು ನೋಡೋಕೆ ಹೋದಾಗ್ಲೂ (ಹೌದು, ಕಲ್ಲಿಂದು, ಅದು ನಿಜವಾಗ್ಲೂ ಕಲ್ಲೇ) ಹೊಂಡದಲ್ಲಿದ್ದ ಕಡಲಸೌತೆ ಅನ್ನೋ ಪ್ರಾಣಿಯನ್ನ ಎತ್ತಿ ಮಕ್ಕಳ ಕೈಗೆ ಕೊಡ್ತಿದ್ರು. ನಾನು ಒಬ್ಬನ ಹತ್ರ ಹೇಳ್ದೆ. ಅವನು ನಕ್ಕು, ಸರ್ ನಿಲ್ಲಿಸ್ದೆ ಇದ್ರೆ ಕಸ್ಟಮರ್ ದುಡ್ಡು ವಾಪಸ್ ಕೇಳ್ತಾರೆ ಅಂದ. ಅದೂ ಸುಳ್ಳಲ್ಲ.

ಈಗ ನನ್ನ ಕಸಿನ್ ಒಬ್ಬ ಇದಾನೆ, ನಿಮ್ಗೆಲ್ಲ ಗೊತ್ತು, ಎಲ್ಲದಕ್ಕೂ ಅಂಕಿಅಂಶ ಇಟ್ಕೊಂಡು ಬರ್ತಾನೆ. ಫೋನಲ್ಲಿ ಇದನ್ನೆಲ್ಲ ಹೇಳಿದ್ರೆ ಅವನು ಅಂದ, 1998, 2010, 2016, ಅಂಡಮಾನಿನ ಸಮುದ್ರ ಬಿಸಿಯಾಗಿ ಹವಳ ಬೆಳ್ಳಗಾಗಿ ಸತ್ತಿದ್ದು ಎಷ್ಟು ಗೊತ್ತಾ, 2004ರ ಭೂಕಂಪದಲ್ಲಿ ಉತ್ತರ ಅಂಡಮಾನಿನ ಕಡೆ ನೆಲವೇ ಎದ್ದು ದಿಬ್ಬಕ್ಕೆ ದಿಬ್ಬಾನೇ ನೀರಿಂದ ಹೊರಗೆ ಬಂದು ಒಣಗಿತು, ನಿನ್ನ ಯಜಮಾನರ ಎರಡು ಪಾದ ಯಾವ ಲೆಕ್ಕ? ಲೆಕ್ಕ ಸರಿನೇ ಇದೆ, ಒಪ್ತೀನಿ. ಊರಿಗೆಲ್ಲ ಬರಗಾಲ ಬಂದಿದೆ ಅಂತ ಪಕ್ಕದ ಮನೆಯವನ ತಟ್ಟೆಗೆ ಮಣ್ಣು ಹಾಕಬಹುದಾ ಹಾಗಾದ್ರೆ? ಬಿಸಿಗೆ ಬೆಳ್ಳಗಾದ ಹವಳ ನೀರು ತಣ್ಣಗಾದ್ರೆ ಚೇತರಿಸ್ಕೊಳ್ಳೋದೂ ಉಂಟು. ಚೇತರಿಸ್ಕೊಳ್ತಿರೋ ರೋಗಿ ಎದೆ ಮೇಲೆ ನಿಂತು ಸೆಲ್ಫಿ ತಗೊಳ್ಳೋದಕ್ಕೆ ಹವಾಮಾನ ಬದಲಾವಣೆ ಹೊಣೆನಾ? ಇನ್ನೊಬ್ಬ ಗೆಳೆಯ, ನಮ್ಮ ಮುರುಡೇಶ್ವರದ ನೇತ್ರಾಣಿ ದ್ವೀಪ ಇರುವಾಗ ಅಲ್ಲಿ ತನಕ ಯಾಕೆ ಹೋದೆ ಅಂತಾನೆ. ನೇತ್ರಾಣಿಗೆ ಹೋಗಿದೀನಿ ಕಣಪ್ಪ. ಅಲ್ಲಿ ದೋಣಿಯಿಂದ ನೇರ ಆಳಕ್ಕೇ ಇಳಿಸ್ತಾರೆ, ಕಾಲಿಗೆ ನೆಲ ಸಿಗಲ್ಲ, ಅಲ್ಲಿನ ಹವಳದ ಪುಣ್ಯ. ಅದಕ್ಕೂ ನೌಕಾಪಡೆಯವರ ಗುಂಡಿನ ಅಭ್ಯಾಸ ಒಂದಿತ್ತು, ಇರಲಿ.

ಅವತ್ತು ಸಂಜೆ ಅದೇ ಮೂಲೆಯಲ್ಲಿ ಕೂತಿದ್ವಿ. ಅಲ್ಲಿ ಕತ್ತಲು ಬೇಗ, ಗಡಿಯಾರ ನಮ್ಮದೇ ಆದ್ರೂ ದ್ವೀಪ ನಮ್ಗಿಂತ ಹದಿನೆಂಟು ಡಿಗ್ರಿ ಪೂರ್ವಕ್ಕಿದೆ, ಜನವರಿಯಲ್ಲಿ ಕುಂದಾಪುರದಲ್ಲಿ ಆರೂಕಾಲು ದಾಟಿ ಮುಳುಗೋ ಸೂರ್ಯ ಅಲ್ಲಿ ಐದೂಕಾಲು ಆಗ್ತಿದ್ದ ಹಾಗೇ ಹೊರಟು ನಿಲ್ತಾನೆ. ನೀರು ಇಳಿದು ದಿಬ್ಬ ಅಲ್ಲಲ್ಲಿ ಕಾಣ್ತಿತ್ತು. ಮೊದಲು ಬೆಲ್ಲದ ಪಾಕದ ಬಣ್ಣ, ಆಮೇಲೆ ಪುನರ್ಪುಳಿ ಶರಬತ್ತಿಂದು. ಸೂರ್ಯ ಪೂರ್ತಿ ಮುಳುಗೋಕೂ ಮೊದಲೇ ಪ್ಯಾಕೇಜಿನವರು ಟೈಮ್ ಆಯ್ತು ಟೈಮ್ ಆಯ್ತು ಅಂತ ಎಲ್ರನ್ನೂ ಎಬ್ಬಿಸಿದ್ರು, ನಿಜವಾದ ಬಣ್ಣ ಬಂದಿದ್ದು ಅವರೆಲ್ಲ ಹೋದ್ಮೇಲೆ. ಯಜಮಾನರು ದೂರದಿಂದ ಕೈ ಬೀಸಿ "ಬೆಂಗ್ಳೂರಲ್ಲಿ ಸಿಗೋಣ ಸಾರ್" ಅಂದ್ರು. ಒಳ್ಳೇ ಮನುಷ್ಯ. ಮನೆಗೆ ಕರೆದ್ರೆ ಹೊಟ್ಟೆ ತುಂಬ ಊಟ ಹಾಕಿ ಕಳಿಸೋರು. ಅದಕ್ಕೇ ನಂಗೆ ಇನ್ನೂ ಸಿಟ್ಟು.

ಇನ್ನು ಒಂದು ವಿಷಯ ಬಾಕಿ ಇದೆ. ಬರೀಬೇಕೋ ಬೇಡವೋ ಅಂತ ನಾಲ್ಕು ದಿನ ಯೋಚನೆ ಮಾಡಿದೀನಿ. ಇದನ್ನ ಹೆಂಡತಿಗೂ ಹೇಳಿಲ್ಲ, ಇಲ್ಲೇ ಓದ್ಕೊಳ್ತಾಳೆ.

ಮೊದಲನೇ ದಿನ, ಯಾರೂ ಇರದ ಹೊತ್ತಲ್ಲಿ, ನನ್ನ ಮಾಸ್ಕಿಗೆ ನೀರು ನುಗ್ತು. ಹೊಳೆಯಲ್ಲಿ ಈಜು ಕಲಿತವನು, ಎರಡು ಸಲ ಕಾಲು ಬಡಿದ್ರೆ ಆಗ್ತಿತ್ತು. ಆದ್ರೆ ಮೂಗಿಗೆ ಉಪ್ಪುನೀರು ಹೋದ ಕೂಡ್ಲೇ ವಿದ್ಯೆ ಎಲ್ಲ ಮರೆತು ಹೋಗಿ ಎದ್ದು ನಿಂತೆ. ಕೆಳಗೆ ಕೊಂಬೆ ಕೊಂಬೆ ಹವಳ ಇತ್ತು. ಹಪ್ಪಳ ಮುರಿದ ಹಾಗೆ ಕರಕ್ ಅಂತು. ಸದ್ದು ಕಿವಿಗೆ ಬಂತೋ ಪಾದದಿಂದ ಮೇಲೆ ಬಂತೋ ಗೊತ್ತಿಲ್ಲ. ಹೆಬ್ಬೆರಳ ಕೆಳಗೆ ಸೀಳಿತು, ರಕ್ತ ಬಂತು. ಮಾಸ್ಕ್ ಸರಿ ಮಾಡ್ಕೊಂಡು ಮತ್ತೆ ಮುಖ ಇಟ್ಟು ನೋಡಿದ್ರೆ ಮುರಿದ ಮೂರು ಕೊಂಬೆ ಮರಳ ಮೇಲೆ ಬಿದ್ದಿತ್ತು, ಮುರಿದ ಜಾಗ ಮಾತ್ರ ಬೆಳ್ಳಗೆ. ಅದರೊಳಗೆ ಮನೆ ಮಾಡಿದ್ದ ಚಿಕ್ಕ ಚಿಕ್ಕ ನೀಲಿ ಮೀನುಗಳು ಒಂದಷ್ಟು ದೂರ ಹೋಗಿ ತಿರುಗಿ ಬಂದು ಅಲ್ಲೇ ಸುತ್ತು ಹಾಕ್ತಿದ್ವು. ದಡಕ್ಕೆ ಬಂದು ಹೆಂಡತಿಗೆ ಚಿಪ್ಪು ತಾಗಿತು ಅಂದೆ.

ನಿನ್ನೆ ಅಮ್ಮ ವಿಡಿಯೋ ಕಾಲ್ ಮಾಡಿದ್ರು. ಸೋಫಾ ಮೇಲೆ ಕಾಲು ಚಾಚಿ ಕೂತಿದ್ದೆ, ಬ್ಯಾಂಡೇಜ್ ಕಂಡುಬಿಟ್ಟಿತು.

"ಕಾಲಿಗ್ ಎಂತ ಆಯ್ತ್ ಮಗಾ?"

"ಏನಿಲ್ಲ ಅಮ್ಮ," ಅಂದೆ, "ಕಲ್ಲು ತಾಗಿತು."